ಜಗ್ಗಿದಷ್ಟೂ ಕಟ್ತದ

ಬಹಳ ದಿನಗಳಿಂದ ಇಲ್ಲಿ ಏನೂ ಬರೆದಿರಲಿಲ್ಲ. ಕಾರಣ ದೊಡ್ಡದೇನಲ್ಲ. ಅಪಾರ್ಟ್‌ಮೆಂಟಿನ ಅಸೋಸಿಯೇಶನ್ನಿಗೆ ಖಜಾಂಚಿ ಆಗಿ ಅಂದಾಗ 'ಹೂಂ' ಅಂದುಬಿಟ್ಟಿದ್ದೆ. ಆಮೇಲೆ ಬರೆದದ್ದೆಲ್ಲ ಡೀಸೆಲ್ ಲೆಕ್ಕ, ಟ್ಯಾಂಕರ್ ಲೆಕ್ಕ, ಲಿಫ್ಟ್ ರಿಪೇರಿ ಲೆಕ್ಕ. ಇವತ್ತು ಬರೆಯುತ್ತಿರುವುದೂ ಒಂದು ಥರದ ಲೆಕ್ಕವೇ ಅನ್ನಿ. ಕೊಳೆನೀರು ಸೋಸುವ ಪೊರೆಯ ಇತಿಹಾಸ. ಮೂಗು ಮುಚ್ಚಿಕೊಳ್ಳಬೇಡಿ, ವಾಸನೆ ಬರುವ ಭಾಗ ಬೇಗ ಮುಗಿಯುತ್ತೆ.

2024ರ ಮಾರ್ಚ್ ಬೆಂಗಳೂರಿನಲ್ಲಿದ್ದವರಿಗೆ ನೆನಪಿರಬೇಕು. ಬೋರ್‌ವೆಲ್ಲುಗಳು ಒಂದೊಂದಾಗಿ ಕೈ ಕೊಟ್ಟವು, ಟ್ಯಾಂಕರಿನವರು ಫೋನ್ ಎತ್ತುತ್ತಿರಲಿಲ್ಲ, ಕುಡಿಯುವ ನೀರಲ್ಲಿ ಕಾರು ತೊಳೆದರೆ ಐದು ಸಾವಿರ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತ್ತು. ನಮ್ಮಲ್ಲಿ ನೆಲಮಾಳಿಗೆಯಲ್ಲಿ ಒಂದು ಎಸ್‌ಟಿಪಿ ಇದೆ. ಹಳೇ ಥರದ್ದಲ್ಲ, ಮೆಂಬ್ರೇನ್ ಇರುವಂಥದ್ದು. ಸೇಮಿಗೆಯಂಥ ಸಾವಿರಾರು ಬಿಳಿ ಎಳೆಗಳು ಕೊಳೆನೀರಿನ ತೊಟ್ಟಿಯಲ್ಲಿ ಮುಳುಗಿರುತ್ತವೆ. ಪ್ರತಿ ಎಳೆಯೂ ಒಳಗೆ ಟೊಳ್ಳು, ಗೋಡೆಯಲ್ಲೆಲ್ಲ ಕಣ್ಣಿಗೆ ಕಾಣದ ತೂತು. ಪಂಪು ಒಳಗಿನಿಂದ ಹೀರುತ್ತದೆ, ಕೊಳೆ ಹೊರಗೇ ಉಳಿಯುತ್ತದೆ, ತಿಳಿನೀರು ಬರುತ್ತದೆ. ಅದು ಫ್ಲಶ್ಶಿಗೆ, ಗಿಡಗಳಿಗೆ. ನಮ್ಮ ಮೆಂಬ್ರೇನಿಗೆ ಬರುವ ಕೊಳೆನೀರನ್ನೆಲ್ಲ ಸೋಸುವ ತಾಕತ್ತಿರಲಿಲ್ಲ, ಬಿಲ್ಡರ್ ಅಷ್ಟು ಹಾಕಿರಲಿಲ್ಲ. ಮಿಕ್ಕಿದ್ದು ಒಳಚರಂಡಿಗೆ ಹೋಗುತ್ತಿತ್ತು.

ಟ್ಯಾಂಕರ್ ಬಾರದ ಎರಡನೇ ಭಾನುವಾರ ಕಮಿಟಿ ಸೇರಿತು. ಆ ಮಿಕ್ಕ ನೀರನ್ನೂ ಯಾಕೆ ಸೋಸಬಾರದು ಅಂತ ಒಬ್ಬರು ಕೇಳಿದರು. ಪಂಪು ಒಂಬತ್ತು ನಿಮಿಷ ಹೀರಿ ಒಂದು ನಿಮಿಷ ಸುಮ್ಮನೆ ನಿಲ್ಲುತ್ತಿತ್ತು. ಆ ಒಂದು ನಿಮಿಷ ಯಾಕೆ ದಂಡ? ಅದನ್ನೂ ತೆಗೆಯೋಣ, ಪಂಪಿನ ವೇಗವನ್ನೂ ಏರಿಸೋಣ. ಲೆಕ್ಕ ಹಾಕಿ ದಿನಕ್ಕೆ ಎಷ್ಟು ಟ್ಯಾಂಕರ್ ಉಳಿಯುತ್ತೆ ಅಂತ ಹೇಳಿದವನು ನಾನೇ. ಎಲ್ಲರೂ ತಲೆಯಾಡಿಸಿದರು.

ಪ್ಲಾಂಟ್ ನೋಡಿಕೊಳ್ಳುತ್ತಿದ್ದವರು ಕೊಪ್ಪಳದ ಕಡೆಯವರು, ಏಜೆನ್ಸಿಯಿಂದ ಬಂದ ಆಪರೇಟರ್. ವಿಷಯ ಹೇಳಿದಾಗ ಅವರು ಕೈ ಒರೆಸಿಕೊಳ್ಳುತ್ತಾ, "ಸರ, ಹಂಗ ಜಗ್ಗಬ್ಯಾಡ್ರಿ. ಎಷ್ಟು ಜಗ್ಗತೀರೋ ಅಷ್ಟೂ ಕಟ್ತದ. ನಡುವ ಅದಕ್ಕೂ ಉಸಿರು ಬಿಡಾಕ ಟೈಮ್ ಬೇಕ್ರಿ" ಅಂದರು. ನಾನು, "ಎರಡು ವಾರ ಅಷ್ಟೇ ಮಾರಾಯ್ರೇ, ಮಳೆ ಬಂದರೆ ಸರಿಹೋಗುತ್ತೆ" ಅಂದೆ.

ಎಂಟು ದಿನ ನೀರು ಧಾರಾಳವಾಗಿ ಬಂತು. ಒಂಬತ್ತನೇ ದಿನ ರಾತ್ರಿ ಪಂಪು ಟ್ರಿಪ್ ಆಯಿತು. ಎಳೆಗಳನ್ನು ಎತ್ತಿ ನೋಡಿದರೆ ಒಂದಕ್ಕೊಂದು ಅಂಟಿಕೊಂಡು, ಕಂದು ಲೋಳೆ ಮೆತ್ತಿಕೊಂಡು, ಬೇಸಿಗೆಯಲ್ಲಿ ಕೆರೆ ಬತ್ತಿದಾಗ ತೇಲುವ ಪಾಚಿಯ ಹಾಗಿತ್ತು. ಔಷಧಿ ಹಾಕಿ ತೊಳೆದರೂ ಅರ್ಧದಷ್ಟೂ ಚೇತರಿಸಿಕೊಳ್ಳಲಿಲ್ಲ. ಮೆಂಬ್ರೇನ್ ಕಂಪನಿಯವರು ಬಂದು "ಇದು ಆಪರೇಟರ್ ಮಿಸ್ಟೇಕು, ವಾರಂಟಿ ಬರಲ್ಲ" ಅಂದರು. ನಾವು ಏಜೆನ್ಸಿಗೆ ಪತ್ರ ಬರೆದೆವು. ಅವರು ಆ ಮನುಷ್ಯನನ್ನು ತೆಗೆದು ಬೇರೊಬ್ಬನನ್ನು ಕಳಿಸಿದರು. ಪತ್ರದ ಕೆಳಗೆ ಇದ್ದ ಎರಡು ಸಹಿಗಳಲ್ಲಿ ಒಂದು ನನ್ನದು.

ಆಮೇಲೆ ನಾನು ಓದಲು ಶುರು ಮಾಡಿದ್ದು. ತಪ್ಪು ಮಾಡಿದ ಮೇಲೆ ಓದುವುದು ನನ್ನ ಹಳೇ ಚಾಳಿ, ಈ ಬ್ಲಾಗಿನ ಹಳಬರಿಗೆ ಗೊತ್ತು.

*

ಕಥೆ ಶುರುವಾಗುವುದು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ, ಡೇವಿಹಲ್ಮ್ ಅನ್ನುವ ಕೊಳೆನೀರಿನ ಘಟಕದಲ್ಲಿ. 1914ರಲ್ಲಿ ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್ ಅನ್ನುವ ಇಬ್ಬರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಕೊಳೆನೀರಿಗೆ ಗಾಳಿ ಊದಿದರೆ ಅದು ನಿಧಾನವಾಗಿ ಶುದ್ಧವಾಗುತ್ತದೆ ಅನ್ನುವುದು ಆಗಲೇ ಗೊತ್ತಿತ್ತು, ಆದರೆ ವಾರಗಟ್ಟಲೆ ಹಿಡಿಯುತ್ತಿತ್ತು. ಇವರು ಮಾಡಿದ್ದು ಇಷ್ಟೇ. ಪ್ರತಿ ಸಲ ತಳದಲ್ಲಿ ಕೂರುವ ಬಗ್ಗಡವನ್ನು ಚೆಲ್ಲದೆ ಇಟ್ಟುಕೊಂಡು, ಅದರ ಮೇಲೇ ಹೊಸ ಕೊಳೆನೀರು ಸುರಿದು, ಮತ್ತೆ ಗಾಳಿ ಊದಿದರು. ಹೀಗೆ ಮತ್ತೆ ಮತ್ತೆ ಮಾಡುತ್ತಾ ಹೋದರೆ ವಾರಗಳ ಕೆಲಸ ಒಂದು ದಿನಕ್ಕೂ ಕಡಿಮೆಯಲ್ಲಿ ಮುಗಿಯತೊಡಗಿತು. ಮೊಸರಿಗೆ ಹೆಪ್ಪು ಉಳಿಸಿಕೊಂಡ ಹಾಗೆ. ಆ ಬಗ್ಗಡದಲ್ಲಿ ಇದ್ದದ್ದು ಕೋಟ್ಯಂತರ ಬ್ಯಾಕ್ಟೀರಿಯಾ, ಕೊಳೆಯನ್ನು ತಿಂದು ಬದುಕುವಂಥವು.

ಇವರಿಬ್ಬರಿಗೆ ಈ ದಾರಿ ತೋರಿಸಿದವರು ಗಿಲ್ಬರ್ಟ್ ಫೌಲರ್. 1912ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸಿನ ಲಾರೆನ್ಸ್ ಪ್ರಯೋಗಾಲಯಕ್ಕೆ ಹೋದಾಗ ಅಲ್ಲಿ ಗಾಳಿ ಊದಿದ ಕೊಳೆನೀರಿನ ಪ್ರಯೋಗಗಳನ್ನು ನೋಡಿ, ವಾಪಸು ಬಂದು ಇವರಿಗೆ ಹೇಳಿದ್ದರು. ಇದೇ ಫೌಲರ್ ಆಮೇಲೆ ಎಲ್ಲಿಗೆ ಬಂದರು ಗೊತ್ತೇ? ನಮ್ಮ ಬೆಂಗಳೂರಿಗೆ! 1916ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ, ಪ್ರೊಫೆಸರ್ ಆಗಿ. ಅಲ್ಲಿನ ಜೀವರಸಾಯನ ವಿಭಾಗ 1921ರಲ್ಲಿ ಹುಟ್ಟಿದ್ದು ಅವರ ಕೈಯಲ್ಲೇ. ಇದನ್ನು ಓದಿದ ದಿನ ನೆಲಮಾಳಿಗೆಗೆ ಇಳಿದು ಆ ತೊಟ್ಟಿಯನ್ನು ಇನ್ನೊಮ್ಮೆ ನೋಡಿ ಬಂದೆ, ಸುಮ್ಮನೆ.

ಈ ವಿಧಾನಕ್ಕೆ ಒಂದು ತಾಪತ್ರಯ ಇತ್ತು. ಬಗ್ಗಡ ತಳದಲ್ಲಿ ಕೂರಬೇಕು, ಆಗಲೇ ಮೇಲಿನ ತಿಳಿ ಸಿಗುವುದು. ಕೆಲವು ದಿನ ಅದು ಕೂರುವುದೇ ಇಲ್ಲ, ಹಿಂಜಿದ ಹತ್ತಿಯ ಹಾಗೆ ಉಬ್ಬಿ ತಿಳಿಯ ಜೊತೆ ಹೊರಟುಬಿಡುತ್ತದೆ. ಕೂರುವ ತನಕ ಕಾಯಲು ದೊಡ್ಡ ದೊಡ್ಡ ತೊಟ್ಟಿ ಬೇರೆ ಬೇಕು. ಕೂರಿಸುವ ಬದಲು ಸೋಸಿಬಿಟ್ಟರೆ? ಯೋಚನೆ ಸುಲಭ, ಆದರೆ ಅಷ್ಟು ಸಣ್ಣ ಜರಡಿ ಎಲ್ಲಿಂದ ತರುವುದು?

*

ಜರಡಿ ಬಂದದ್ದು ಸಮುದ್ರದ ಉಪ್ಪುನೀರಿನ ಚಿಂತೆಯಿಂದ. 1950ರ ದಶಕದ ಕೊನೆಯಲ್ಲಿ ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯದಲ್ಲಿ ಸಿಡ್ನಿ ಲೋಬ್ ಮತ್ತು ನಮ್ಮ ದೇಶದಿಂದ ಹೋದ ಶ್ರೀನಿವಾಸ ಸೌರಿರಾಜನ್ ಸೆಲ್ಯುಲೋಸ್ ಅಸಿಟೇಟ್ ಹಾಳೆಗಳ ಮೂಲಕ ಉಪ್ಪುನೀರನ್ನು ಒತ್ತಿ ನೋಡುತ್ತಿದ್ದರು. ಉಪ್ಪು ನಿಲ್ಲುತ್ತಿತ್ತು, ಆದರೆ ನೀರು ಹನಿ ಹನಿಯಾಗಿ ಜಿನುಗುತ್ತಿತ್ತು. ಒಂದು ವಿಚಿತ್ರ ಗಮನಕ್ಕೆ ಬಂತು. ಹಾಳೆಯ ಒಂದು ಮಗ್ಗುಲು ಉಪ್ಪುನೀರಿನ ಕಡೆಗಿದ್ದರೆ ಕೆಲಸ ಮಾಡುತ್ತಿತ್ತು, ಮಗುಚಿ ಹಾಕಿದರೆ ಇಲ್ಲ. ಅಂದರೆ ಎರಡು ಮಗ್ಗುಲೂ ಒಂದೇ ಅಲ್ಲ. ಅದರ ಬೆನ್ನು ಹತ್ತಿ, ತಣ್ಣೀರಿನಲ್ಲಿ ಅದ್ದಿ, ಬಿಸಿನೀರಿನಲ್ಲಿ ಹದ ಮಾಡಿ, 1960ರ ಹೊತ್ತಿಗೆ ಮೇಲೆ ತೀರಾ ತೆಳುವಾದ ಬಿಗಿ ಚರ್ಮ, ಕೆಳಗೆ ಸ್ಪಂಜಿನಂಥ ಆಧಾರ ಇರುವ ಪೊರೆ ಮಾಡಿದರು. ಹಾಲಿನ ಕೆನೆಯ ಹಾಗೆ ಅಂದುಕೊಳ್ಳಿ. ಚರ್ಮ ತೆಳುವಾದ್ದರಿಂದ ನೀರು ಹರಿಯಿತು, ಬಿಗಿಯಾದ್ದರಿಂದ ಉಪ್ಪು ನಿಂತಿತು. 1965ರಲ್ಲಿ ಕ್ಯಾಲಿಫೋರ್ನಿಯಾದ ಕೋಲಿಂಗಾ ಅನ್ನುವ ಊರಿನಲ್ಲಿ ಇದರಿಂದ ನೀರು ಕೊಟ್ಟರು. ಹಿಂದೆ ಆ ಊರಿಗೆ ಕುಡಿಯುವ ನೀರು ರೈಲಿನಲ್ಲಿ ಬರುತ್ತಿತ್ತಂತೆ.

ನಿಮ್ಮ ಮನೆಯ ಅಡುಗೆಮನೆ ಗೋಡೆಗೆ ತೂಗುಹಾಕಿರುವ ಆರ್‌ಓ ಡಬ್ಬಿ ಆ ಪೊರೆಯ ಮೊಮ್ಮಗು. ಅದೇ ಜಾಣತನವನ್ನು ಸ್ವಲ್ಪ ದೊಡ್ಡ ತೂತಿನ ಪೊರೆಗಳಿಗೂ ಅಳವಡಿಸಿದಾಗ ಬ್ಯಾಕ್ಟೀರಿಯಾ ಹಿಡಿಯುವ ಜರಡಿ ಸಿಕ್ಕಿತು. 1960ರ ದಶಕದ ಕೊನೆಯಲ್ಲಿ ಅಮೆರಿಕದ ಡಾರ್ ಆಲಿವರ್ ಕಂಪನಿಯವರು ಮ್ಯಾಂಚೆಸ್ಟರಿನ ಬಗ್ಗಡಕ್ಕೂ ಈ ಜರಡಿಗೂ ಮದುವೆ ಮಾಡಿಸಿದರು. 1969ರಲ್ಲಿ ಅದರ ವರದಿ ಬಂತು. ಬಗ್ಗಡ ಕೂರಲಿ ಬಿಡಲಿ, ಚಿಂತೆ ಇಲ್ಲ, ಪೊರೆ ದಾಟಿ ಬರುವುದಿಲ್ಲ.

ಮದುವೆ ಆಯಿತು, ಸಂಸಾರ ಶುರುವಾಯಿತು. ಪೊರೆ ಕಟ್ಟಿಕೊಳ್ಳತೊಡಗಿತು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕಂದ್ರೆ ನಾನೂ ಇದನ್ನು ತಪ್ಪಾಗಿ ತಿಳಿದುಕೊಂಡಿದ್ದೆ. ಕಟ್ಟಿಕೊಳ್ಳುವುದು ಅಂದರೆ ತೂತಿನಲ್ಲಿ ಕಸ ಸಿಕ್ಕಿಹಾಕಿಕೊಳ್ಳುವುದು, ತೊಳೆದರೆ ಹೋಗುತ್ತೆ ಅಂತ. ಅದೂ ಒಂದು ಬಗೆ ಹೌದು. ಆದರೆ ಪೊರೆಯ ಮೇಲೆ ಬಗ್ಗಡ ರೊಟ್ಟಿಯ ಹಾಗೆ ಕೂರುವುದು ಇನ್ನೊಂದು. ಬ್ಯಾಕ್ಟೀರಿಯಾ ತಮ್ಮ ಮೈಯಿಂದ ಬಿಡುವ ಲೋಳೆ, ಅಂದರೆ ಸಕ್ಕರೆ ಮತ್ತು ಪ್ರೋಟೀನಿನ ಅಂಟು, ತೂತಿನ ಒಳಗೋಡೆಗೆ ಬಳಿದುಕೊಳ್ಳುವುದು ಮತ್ತೊಂದು. ನಮ್ಮ ಬೋರ್‌ವೆಲ್ ನೀರಿನಂಥ ಗಡಸು ನೀರಾದರೆ ಸುಣ್ಣದ ಪದರ. ಇವೆಲ್ಲದರ ಮೇಲೆ ಬ್ಯಾಕ್ಟೀರಿಯಾಗಳು ಅಲ್ಲೇ ಮನೆ ಕಟ್ಟಿ ಸಂಸಾರ ಹೂಡುವುದು. ಲೋಳೆಗೆ ಬ್ಲೀಚಿನಂಥದ್ದು ಬೇಕು, ಸುಣ್ಣಕ್ಕೆ ನಿಂಬೆಹುಳಿಯ ಆಮ್ಲ. ಒಂದರ ಮದ್ದು ಇನ್ನೊಂದಕ್ಕೆ ಆಗದು.

ನಮ್ಮಮ್ಮ ಕಾಫಿ ಫಿಲ್ಟರಿಗೆ ಪುಡಿ ಹಾಕಿದ ಮೇಲೆ "ಒತ್ತಬೇಡ, ಡಿಕಾಕ್ಷನ್ ಇಳಿಯಲ್ಲ" ಅನ್ನುತ್ತಾರೆ. ಪುಡಿ ಅದೇ, ತೂತುಗಳೂ ಅವೇ. ಒತ್ತಿದರೆ ಪುಡಿಯ ನಡುವಿನ ಸಂದು ಮುಚ್ಚಿಹೋಗುತ್ತೆ ಅಷ್ಟೇ. ಪೊರೆಯ ಮೇಲಿನ ಬಗ್ಗಡದ ರೊಟ್ಟಿಯೂ ಹಾಗೇ. ಜೋರಾಗಿ ಎಳೆದಷ್ಟೂ ಅದು ಬಿಗಿಯಾಗುತ್ತದೆ.

ಡಾರ್ ಆಲಿವರ್ ಕಾಲದವರು ಇದಕ್ಕೆ ಕಂಡುಕೊಂಡ ಉಪಾಯ ಬಲಪ್ರಯೋಗ. ಪೊರೆಯನ್ನು ತೊಟ್ಟಿಯ ಹೊರಗೆ ಕೊಳವೆಗಳಲ್ಲಿಟ್ಟು, ಬಗ್ಗಡವನ್ನು ಅದರ ಮೇಲ್ಮೈಗೆ ಉಜ್ಜುತ್ತಾ ಸೆಕೆಂಡಿಗೆ ಹಲವು ಮೀಟರ್ ವೇಗದಲ್ಲಿ ಓಡಿಸುವುದು. ಕೂರಲು ಪುರುಸೊತ್ತೇ ಕೊಡದಿದ್ದರೆ ಕೂರುವುದು ಹೇಗೆ? ಕೆಲಸ ನಡೆಯಿತು, ಆದರೆ ಕರೆಂಟು ಬಿಲ್ಲು ಕೇಳಬೇಡಿ. ಸಾವಿರ ಲೀಟರ್ ಸೋಸಲು ಹಲವಾರು ಯೂನಿಟ್ಟು. ಈಗಿನ ದೊಡ್ಡ ಘಟಕಗಳು ಒಂದು ಯೂನಿಟ್ಟಿನ ಆಸುಪಾಸಿನಲ್ಲಿ ಮುಗಿಸುತ್ತವೆ. ಹಾಗಾಗಿ ಆ ಕಾಲದಲ್ಲಿ ಇದು ಹೆಚ್ಚು ಕಡೆ ಹರಡಲಿಲ್ಲ.

ಹರಡಿದ್ದು ಜಪಾನಿನಲ್ಲಿ, ಕಟ್ಟಡಗಳ ನೆಲಮಾಳಿಗೆಗಳಲ್ಲಿ. ಅದಕ್ಕೆ ಬರುತ್ತೇನೆ. ಅದಕ್ಕೂ ಮೊದಲು ಕ್ಯಾಲಿಫೋರ್ನಿಯಾದ ಇನ್ನೊಂದು ಊರಿಗೆ ಹೋಗಿಬರಬೇಕು.

*

ಆರೆಂಜ್ ಕೌಂಟಿಯಲ್ಲಿ ಅಂತರ್ಜಲ ಇಳಿದು ಸಮುದ್ರದ ಉಪ್ಪು ಒಳಗೆ ನುಗ್ಗುತ್ತಿತ್ತು. ತಡೆಯಲು ಕರಾವಳಿಯ ಉದ್ದಕ್ಕೂ ಬಾವಿ ತೋಡಿ ಸಿಹಿನೀರು ಇಳಿಸಬೇಕು. ಅಷ್ಟು ಸಿಹಿನೀರು ಎಲ್ಲಿದೆ? ಊರಿನ ಕೊಳೆನೀರನ್ನೇ ಶುದ್ಧ ಮಾಡಿ ಇಳಿಸಿದರು. 1976ರಲ್ಲಿ ಶುರುವಾದ ಆ ಘಟಕದ ಹೆಸರು ವಾಟರ್ ಫ್ಯಾಕ್ಟರಿ 21. ಮರುವರ್ಷ ಅಲ್ಲಿ ಲೋಬ್ ಮತ್ತು ಸೌರಿರಾಜನ್ ಮಾದರಿಯ ಪೊರೆಗಳೂ ಸೇರಿದವು. ಪೊರೆಗೆ ಮುಟ್ಟುವ ಮೊದಲೇ ನೀರನ್ನು ಸುಣ್ಣ ಹಾಕಿ, ಮರಳಿನಲ್ಲಿ ಸೋಸಿ, ಸಾಕಷ್ಟು ಸ್ವಚ್ಛ ಮಾಡಿರುತ್ತಿದ್ದರು. ಕಣ್ಣಿಗೆ ತಿಳಿಯಾಗೇ ಇರುತ್ತಿತ್ತು. ಆದರೂ ಪೊರೆ ಕಟ್ಟುತ್ತಿತ್ತು!

ಹ್ಯಾರಿ ರಿಡ್ಜ್‌ವೇ ಮತ್ತು ಜೊತೆಗಾರರು ಆ ಪೊರೆಗಳನ್ನು ಬಿಚ್ಚಿ ಸೂಕ್ಷ್ಮದರ್ಶಕದ ಕೆಳಗಿಟ್ಟರು. 1983 ಮತ್ತು 1984ರಲ್ಲಿ ಬಂದ ಅವರ ಬರಹಗಳು ಈ ಕ್ಷೇತ್ರದ ದಿಕ್ಕು ಬದಲಿಸಿದವು. ಕಟ್ಟಿದ್ದು ಕಸವಲ್ಲ, ಜೀವ. ಪೊರೆಯ ಮೇಲೆ ಬ್ಯಾಕ್ಟೀರಿಯಾಗಳ ಊರೇ ಎದ್ದಿತ್ತು. ಮೈಗೆ ಮೇಣದಂಥ ಕವಚ ಇರುವ ಮೈಕೋಬ್ಯಾಕ್ಟೀರಿಯಾ ಜಾತಿಯದ್ದೊಂದು ಪೊರೆಗೆ ಹೇಗೆ ಅಂಟುತ್ತದೆ ಅನ್ನುವುದನ್ನೇ ಅವರು ಬೇರೆಯಾಗಿ ಅಭ್ಯಾಸ ಮಾಡಿದರು. ಕಸವಾದರೆ ನೂರಕ್ಕೆ ತೊಂಬತ್ತೊಂಬತ್ತು ತೆಗೆದರೆ ಸಾಕು. ಜೀವ ಹಾಗಲ್ಲ, ಉಳಿದ ಒಂದು ಪಾಲು ನಾಳೆ ಬೆಳಿಗ್ಗೆ ಮತ್ತೆ ನೂರಾಗುತ್ತದೆ.

ಕ್ಲೋರಿನ್ ಹಾಕಿ ಕೊಲ್ಲಬಹುದಲ್ಲ ಅಂತೀರಾ? ಹಳೇ ಸೆಲ್ಯುಲೋಸ್ ಪೊರೆ ಸ್ವಲ್ಪ ಕ್ಲೋರಿನ್ ತಡೆದುಕೊಳ್ಳುತ್ತಿತ್ತು. ಆದರೆ 1970ರ ದಶಕದ ಕೊನೆಗೆ ಜಾನ್ ಕಡಾಟ್ ಮಾಡಿದ ಪಾಲಿಅಮೈಡ್ ಪೊರೆ ಬಂತು. ಎಲ್ಲದರಲ್ಲೂ ಹಳೆಯದಕ್ಕಿಂತ ಮೇಲು, ಕಡಿಮೆ ಒತ್ತಡಕ್ಕೆ ಹೆಚ್ಚು ನೀರು. ಕ್ಲೋರಿನ್ ತಾಗಿದರೆ ಮಾತ್ರ ಹಾಳು. ಪೊರೆ ಉತ್ತಮವಾದಂತೆ ಅದನ್ನು ಕಾಪಾಡುವ ಆಯುಧ ಕೈ ತಪ್ಪಿತು. ಕೊನೆಗೆ ಕ್ಲೋರಿನ್ನಿಗೆ ಅಮೋನಿಯಾ ಸೇರಿಸಿದ ಕ್ಲೋರಮೈನ್ ಬಳಸಿ, ಮುಂದುಗಡೆ ಇನ್ನೊಂದು ದಪ್ಪ ತೂತಿನ ಪೊರೆ ಇಟ್ಟು, ಒಂದು ಪೊರೆಯನ್ನು ಕಾಯಲು ಇನ್ನೊಂದು ಪೊರೆ ಅನ್ನುವ ವ್ಯವಸ್ಥೆಗೆ ಬಂದರು. ವಾಟರ್ ಫ್ಯಾಕ್ಟರಿ 2004ರಲ್ಲಿ ನಿಂತಿತು. ಅದರ ಜಾಗಕ್ಕೆ 2008ರಲ್ಲಿ ಬಂದ ಹೊಸ ಘಟಕ ಇದೇ ಜೋಡಿಯ ಮೇಲೆ ನಿಂತಿದೆ. ದಿನಕ್ಕೆ 7 ಕೋಟಿ ಗ್ಯಾಲನ್ನಿನಿಂದ ಶುರುವಾಗಿ 2023ರಲ್ಲಿ 13 ಕೋಟಿ ಗ್ಯಾಲನ್ನಿಗೆ, ಅಂದರೆ ಸುಮಾರು 49 ಕೋಟಿ ಲೀಟರಿಗೆ ಏರಿತು. ಸಿಂಗಾಪುರ 2003ರಲ್ಲಿ ಜನರಿಗೆ ಕೊಟ್ಟ 'ನ್ಯೂವಾಟರ್' ಕೂಡ ಇದೇ ದಾರಿ.

*

ಈಗ ಜಪಾನು. 1978ರಲ್ಲಿ ಫುಕುವೋಕಾ ನಗರಕ್ಕೆ ಬರ ಬಂದು 287 ದಿನ ನೀರಿಗೆ ಕಡಿವಾಣ ಬಿತ್ತು. (ನಮ್ಮ ಎರಡು ಭಾನುವಾರಕ್ಕೆ ನಾವೆಷ್ಟು ಕಿರುಚಾಡಿದ್ದೆವು!) ಆಮೇಲೆ ಅಲ್ಲಿ, ಟೋಕಿಯೊದಲ್ಲಿ, ದೊಡ್ಡ ಕಟ್ಟಡಗಳು ತಮ್ಮ ಕೊಳೆನೀರನ್ನು ತಾವೇ ಸೋಸಿ ಫ್ಲಶ್ಶಿಗೆ ಬಳಸುವ ಪದ್ಧತಿ ಬೆಳೆಯಿತು. ನೆಲಮಾಳಿಗೆಯಲ್ಲಿ ಜಾಗ ಕಡಿಮೆ, ಬಗ್ಗಡ ಕೂರಿಸುವ ದೊಡ್ಡ ತೊಟ್ಟಿ ಸಾಧ್ಯವಿಲ್ಲ. ಆಗ ಡಾರ್ ಆಲಿವರ್ ಪೊರೆಗೆ ಗಿರಾಕಿ ಸಿಕ್ಕಿತು. ಕರೆಂಟು ಖರ್ಚು ಮಾತ್ರ ಹಾಗೇ ಇತ್ತು.

1989ರಲ್ಲಿ ಟೋಕಿಯೊದ ಕಜುವೊ ಯಮಮೊಟೊ ಮತ್ತು ಜೊತೆಗಾರರು ಒಂದು ತಲೆಕೆಳಗಾದ ಪ್ರಯೋಗ ಮಾಡಿದರು. ಬಗ್ಗಡವನ್ನು ಪೊರೆಯ ಹತ್ತಿರ ಒಯ್ಯುವ ಬದಲು ಪೊರೆಯನ್ನೇ ಬಗ್ಗಡದ ತೊಟ್ಟಿಯಲ್ಲಿ ಮುಳುಗಿಸಿದರು. ಓಡಿಸುವುದಿಲ್ಲ, ಉಜ್ಜುವುದಿಲ್ಲ. ಬ್ಯಾಕ್ಟೀರಿಯಾಗೆ ಹೇಗೂ ಊದುತ್ತಿದ್ದ ಗಾಳಿಯ ಗುಳ್ಳೆಗಳೇ ಎಳೆಗಳನ್ನು ಅಲುಗಾಡಿಸಲಿ ಅಂತ ಬಿಟ್ಟರು. ಬಹಳ ಮೆಲ್ಲಗೆ ಹೀರಿದರು. ಮತ್ತೆ, ಹೀರುವುದನ್ನು ಆಗಾಗ ನಿಲ್ಲಿಸಿದರು.

ಹೌದು, ಅದೇ ನಿಲ್ಲಿಸುವುದು. ನಾವು ಕಮಿಟಿಯಲ್ಲಿ ಕೈಯೆತ್ತಿ ತೆಗೆದುಹಾಕಿದ ಆ ಒಂದು ನಿಮಿಷ. ಪಂಪು ಸುಮ್ಮನಿರುವಾಗ ಪೊರೆಗೆ ಒತ್ತಿಕೊಂಡಿದ್ದ ಬಗ್ಗಡ ಸಡಿಲವಾಗುತ್ತದೆ, ಗುಳ್ಳೆಗಳು ಅದನ್ನು ಎಬ್ಬಿಸಿ ಒಯ್ಯುತ್ತವೆ. ಆ ನಿಮಿಷ ದಂಡವಲ್ಲ, ಉಳಿದ ಒಂಬತ್ತು ನಿಮಿಷ ನಡೆಯುವುದು ಅದರಿಂದಲೇ. ಇವತ್ತು ಜಗತ್ತಿನಲ್ಲಿ ಇಂಥ ಘಟಕಗಳಲ್ಲಿ ಬಹುಪಾಲು ಯಮಮೊಟೊ ಅವರ ಈ ಮುಳುಗಿಸುವ ಜಾತಿಯವೇ. ಜಪಾನಿನ ಕುಬೋಟಾ, ಕೆನಡಾದ ಝೆನಾನ್ ಕಂಪನಿಗಳು 1990ರ ದಶಕದಲ್ಲಿ ಇದನ್ನು ಮಾರುಕಟ್ಟೆಗೆ ತಂದವು.

ಎಷ್ಟು ಮೆಲ್ಲಗೆ ಹೀರಬೇಕು ಅನ್ನುವುದಕ್ಕೆ ಹೆಸರು ಸಿಕ್ಕಿದ್ದು 1995ರಲ್ಲಿ. ಇಂಗ್ಲೆಂಡಿನ ರಾಬರ್ಟ್ ಫೀಲ್ಡ್ ಮತ್ತು ಸಂಗಡಿಗರು ಬರೆದದ್ದು ಇಷ್ಟು. ಪ್ರತಿ ಪೊರೆಗೂ ಒಂದು ಮಿತಿ ಇದೆ. ಅದಕ್ಕಿಂತ ಕಡಿಮೆ ಎಳೆದರೆ ಬಗ್ಗಡ ಪೊರೆಯ ಹತ್ತಿರ ಬಂದರೂ ಅಷ್ಟೇ ವೇಗದಲ್ಲಿ ದೂರ ಹೋಗುತ್ತದೆ, ಪೊರೆ ಕಟ್ಟುವುದಿಲ್ಲ. ಮಿತಿ ದಾಟಿದರೆ ಬರುವುದು ಹೆಚ್ಚು, ಹೋಗುವುದು ಕಡಿಮೆ. ಅದಕ್ಕೆ ಅವರು ಇಟ್ಟ ಹೆಸರು 'ಕ್ರಿಟಿಕಲ್ ಫ್ಲಕ್ಸ್'. ನಿಜವಾದ ಕೊಳೆನೀರಿನಲ್ಲಿ ಮಿತಿಯ ಕೆಳಗಿದ್ದರೂ ಲೋಳೆ ನಿಧಾನವಾಗಿ ಬಳಿದುಕೊಳ್ಳುತ್ತದೆ ಅಂತ ಆಮೇಲೆ ತಿಳಿಯಿತು. ಮುಳುಗಿಸಿದ ಪೊರೆಗಳಲ್ಲಿ ಸಾಮಾನ್ಯವಾಗಿ ಗಂಟೆಗೆ ಚದರ ಮೀಟರಿಗೆ 15ರಿಂದ 25 ಲೀಟರ್ ಎಳೆಯುತ್ತಾರೆ. ನಮ್ಮದು 16ಕ್ಕೆ ಓಡುತ್ತಿತ್ತು. ನಾನು ಹಾಕಿಕೊಟ್ಟ ಲೆಕ್ಕ 26ರದ್ದು.

ನನ್ನನ್ನು ಕಾಡುತ್ತಿದ್ದ ಇನ್ನೊಂದು ಪ್ರಶ್ನೆ ಇತ್ತು. ಅಷ್ಟು ತಪ್ಪು ಮಾಡಿದ್ದರೆ ಎಂಟು ದಿನ ಹೇಗೆ ಚೆನ್ನಾಗಿ ನಡೆಯಿತು? ಉತ್ತರ ಸಿಕ್ಕಿದ್ದು ಆಸ್ಟ್ರೇಲಿಯಾದ ಚೋ ಮತ್ತು ಫೇನ್ 2002ರಲ್ಲಿ ಬರೆದ ಪ್ರಬಂಧದಲ್ಲಿ. ಪೊರೆ ಎಲ್ಲ ಕಡೆ ಒಂದೇ ಸಮ ಕಟ್ಟುವುದಿಲ್ಲ. ಮೊದಲು ಅಲ್ಲಲ್ಲಿ ಕೆಲವು ತೂತು ಮುಚ್ಚುತ್ತವೆ. ಪಂಪಿಗೆ ಬೇಕಾದ ನೀರು ಅಷ್ಟೇ ಇರುವುದರಿಂದ ಆ ಪಾಲೂ ಉಳಿದ ತೂತುಗಳ ಮೇಲೆ ಬೀಳುತ್ತದೆ. ಹೊರಗಿನಿಂದ ನೋಡಿದರೆ ಗೇಜು ಒಂಚೂರು ಏರಿರುತ್ತದೆ ಅಷ್ಟೇ. ಒಂದು ಹಂತದಲ್ಲಿ ಉಳಿದ ತೂತುಗಳ ಮೇಲಿನ ಹೊರೆ ಮಿತಿ ದಾಟುತ್ತದೆ, ಆಗ ಒಂದರ ಹಿಂದೊಂದು ಬಿದ್ದು ಒತ್ತಡ ದಿಢೀರನೆ ನೆಗೆಯುತ್ತದೆ. ಅಂದರೆ ನಾವು ಖುಷಿಯಾಗಿದ್ದ ಎಂಟು ದಿನವೂ ಪೊರೆ ಹೋಗುತ್ತಲೇ ಇತ್ತು.

ಲೋಳೆ ಕಟ್ಟುವ ಬ್ಯಾಕ್ಟೀರಿಯಾಗಳು ತಮ್ಮೊಳಗೆ ಮಾತಾಡಿಕೊಳ್ಳುವ ರಾಸಾಯನಿಕ ಸಂಕೇತವನ್ನೇ ಕೆಡಿಸಿದರೆ ಅವು ಒಟ್ಟಾಗುವುದಿಲ್ಲ ಅಂತ ಕೊರಿಯಾದವರು 2009ರಲ್ಲಿ ತೋರಿಸಿದರು. ಓದಲು ಬಲು ಸೊಗಸಾಗಿದೆ, ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

*

ಇಷ್ಟೆಲ್ಲ ಓದಿದ ಮೇಲೆ ಪ್ಲಾಂಟಿನ ಲಾಗ್ ಪುಸ್ತಕ ತೆಗೆದು ನೋಡಿದೆ. ಖಜಾಂಚಿಯಾಗಿ ಅದನ್ನು ಒಮ್ಮೆಯೂ ತೆರೆದಿರಲಿಲ್ಲ. ಎರಡೆರಡು ಗಂಟೆಗೊಮ್ಮೆ ಗೇಜಿನ ಅಂಕಿ, ನೀಲಿ ಇಂಕಿನಲ್ಲಿ, ದುಂಡು ಅಕ್ಷರ. ಮೊದಲ ದಿನ 110 ಮಿಲಿಬಾರ್. ಆಮೇಲೆ 118, 125, 140. ಏಳನೇ ದಿನ 165ಕ್ಕೆ ಕೆಳಗೆ ಗೆರೆ ಎಳೆದು 'ಸೆಕ್ರೆಟರಿ ಸಾಹೇಬ್ರಿಗೆ ತಿಳಿಸಿದೆ' ಅಂತ ಬರೆದಿದ್ದರು. ಒಂಬತ್ತನೇ ದಿನ ಸಂಜೆ 240, ರಾತ್ರಿ 510. ಮೊದಲ ದಿನದ ಪುಟದ ಅಂಚಿನಲ್ಲಿ ಒಂದು ಸಾಲು: 'ರೆಸ್ಟ್ ಬಂದ್. ಕಮಿಟಿ ಆರ್ಡರ್.'

ಆ ಪುಟಗಳ ಫೋಟೊ ಹಾಕಿ ಏಜೆನ್ಸಿಗೆ ಇನ್ನೊಂದು ಪತ್ರ ಬರೆದೆ, ಮೊದಲ ಪತ್ರ ತಪ್ಪು ಅಂತ. ಕಮಿಟಿಯ ಒಬ್ಬರು ಇದು ಬೇಕಿತ್ತಾ ಅಂದರು. ಆಪರೇಟರ್ ನಂಬರ್ ಹುಡುಕಿ ಫೋನ್ ಮಾಡಿದೆ. ಅಷ್ಟರಲ್ಲಿ ಅವರು ವೈಟ್‌ಫೀಲ್ಡ್ ಕಡೆ ಬೇರೆ ಅಪಾರ್ಟ್‌ಮೆಂಟಿನಲ್ಲಿದ್ದರು. ನಾನು ಕ್ಷಮೆ ಕೇಳಿದ್ದಕ್ಕೆ, "ಇರ್ಲಿ ಬಿಡ್ರಿ ಸರ" ಅಂದರು. ಇಂಗ್ಲೆಂಡಿನವರೂ ನೀವು ಹೇಳಿದ್ದನ್ನೇ ಬರೆದಿದ್ದಾರೆ ಅಂದೆ. ನಕ್ಕರು. ಆಮೇಲೆ, "ಹೊಸಾ ಮೆಂಬ್ರೇನ್ ಹಾಕ್ಸಿದ್ರೇನ್ರಿ? ಎಷ್ಟಕ್ಕ ಜಗ್ಗತೀರಿ ಈಗ?" ಅಂತ ಕೇಳಿದರು. ಹದಿನಾರು ಅಂದೆ. "ಮತ್ತ ರೆಸ್ಟು?" ಅಂದರು. ಇದೆ ಅಂದೆ.

ಈ ಭಾನುವಾರ ಮತ್ತೆ ಮೀಟಿಂಗ್ ಇದೆ. ಅಜೆಂಡಾದ ನಾಲ್ಕನೇ ಐಟಂ, 'ಎಸ್‌ಟಿಪಿ ನೀರಿನ ಪ್ರಮಾಣ ಹೆಚ್ಚಿಸುವ ಬಗ್ಗೆ'. ಪೊರೆಯ ಅಳತೆ ಹೆಚ್ಚಿಸದೆ ಪ್ರಮಾಣ ಹೆಚ್ಚಿಸಲು ಆಗದು, ಅದಕ್ಕೆ ದುಡ್ಡು ಬೇಕು ಅಂತ ಹೇಳಲು ಲಾಗ್ ಪುಸ್ತಕದ ಜೆರಾಕ್ಸ್ ತೆಗೆಸಿಟ್ಟುಕೊಂಡಿದ್ದೇನೆ. ನಿಮ್ಮ ಅಪಾರ್ಟ್‌ಮೆಂಟಿನಲ್ಲೂ ಇಂಥದ್ದಿದ್ದರೆ ಒಮ್ಮೆ ನೆಲಮಾಳಿಗೆಗೆ ಇಳಿದು ಗೇಜು ಎಷ್ಟು ತೋರಿಸುತ್ತಿದೆ ಅಂತ ನೋಡಿ ಬನ್ನಿ. ನೋಡಿದವರು ಇಲ್ಲಿ ಬರೆದು ತಿಳಿಸಿ.